ಬಿಸಿಲಿಗೆ ಬಣ್ಣ ಬಿಡುವ ಕಲ್ಲು

ಕೇಳುಗರಿಗೆ ನಮಸ್ಕಾರ. ಟೋಪಾಜ್ ಹರಳನ್ನು ನೆಲದಿಂದ ಆರಿಸಿಕೊಂಡು ಬಂದೆ ಅಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಜ್ಯೋತಿಷಿಗಳು ಹೇಳುವ ಕನಕ ಪುಷ್ಯರಾಗ ಅಲ್ಲ, ಅದು ನೀಲಮಣಿಯ ಜಾತಿ. ಇದು ಬೇರೆ.

ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯ ಯೂಟಾ ರಾಜ್ಯದ ಮರುಭೂಮಿಗೆ ಕರೆದುಕೊಂಡು ಹೋದರು. ಡೆಲ್ಟಾ ಎಂಬ ಊರು ದಾಟಿದರೆ ಟೋಪಾಜ್ ಮೌಂಟನ್. ಅಲ್ಲಿ ನೀರಿಲ್ಲ, ಅಂಗಡಿಯಿಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲೇ ಇರಬೇಕು.

ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿ ಉಕ್ಕಿತ್ತು. ಆ ಲಾವಾ ಆರಿ ರಯೋಲೈಟ್ ಎಂಬ ಬೂದು ಬಂಡೆಯಾಯಿತು. ಒಳಗಿನ ಪೊಟರೆಗಳಲ್ಲಿ ಸಿಕ್ಕಿಕೊಂಡ ಫ್ಲೋರಿನ್ ಬೆರೆತ ಬಿಸಿ ಆವಿಯಿಂದ ಹರಳುಗಳು ಬೆಳೆದವು.

ಹುಡುಕುವುದು ಸುಲಭ. ಸೂರ್ಯ ಇಳಿಯುವ ಹೊತ್ತಿಗೆ, ಬಿಸಿಲಿಗೆ ಎದುರಾಗಿ ಒಣ ಹಳ್ಳದ ಮರಳಿನಲ್ಲಿ ಸುಮ್ನೆ ನಡೆಯಬೇಕು. ಫಳಕ್ಕನೆ ಹೊಳೆದದ್ದನ್ನು ಹೆಕ್ಕಬೇಕು. ನಾನು ಮೊದಲು ಹೆಕ್ಕಿದ್ದು ಒಡೆದ ಬಾಟಲಿಯ ಚೂರು! ಆಮೇಲೆ ಸಿಕ್ಕವು ನಿಜವಾದ ಹರಳು, ಆದರೆ ನೀರಿನಂತೆ, ಬಣ್ಣವೇ ಇಲ್ಲ. ಜೇನಿನ ಬಣ್ಣದ್ದು ಎಲ್ಲಿ ಎಂದೆ. ಬಂಡೆಯ ಒಳಗೆ ಅಂದರು ಅಳಿಯ. ಬಿಸಿಲು ತಾಗಿದರೆ ಆ ಬಣ್ಣ ಹಾರಿಹೋಗುತ್ತದಂತೆ. ಸುತ್ತಿಗೆ, ಉಳಿ, ಕಣ್ಣಿಗೆ ಕನ್ನಡಕ ಇಟ್ಟುಕೊಂಡು ಎರಡು ಗಂಟೆ ಕುಟ್ಟಿದ ಮೇಲೆ ಒಂದು ಪೊಟರೆ ತೆರೆಯಿತು. ಕಡಲೆ ಗಾತ್ರದ ಹರಳು, ಥೇಟ್ ಜೇನು.

ಇದೆಲ್ಲ ಸರ್ಕಾರಿ ನೆಲ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತದೆ. ಸ್ವಂತಕ್ಕೆ ಸ್ವಲ್ಪ ಆರಿಸಿಕೊಳ್ಳಬಹುದು, ಮಾರುವಂತಿಲ್ಲ. ಕಲ್ಲಾದ ಮರಕ್ಕಂತೂ ತೂಕದ ಲೆಕ್ಕವೇ ಇದೆ: ಒಬ್ಬರಿಗೆ ದಿನಕ್ಕೆ 25 ಪೌಂಡ್ ಮತ್ತು ಒಂದು ತುಂಡು, ವರ್ಷಕ್ಕೆ 250 ಪೌಂಡ್ ಮೀರಬಾರದು. ಮೂಲನಿವಾಸಿಗಳ ಹಳೆಯ ಬಾಣದ ಮೊನೆ, ಬೆನ್ನೆಲುಬಿದ್ದ ಪ್ರಾಣಿಗಳ ಪಳೆಯುಳಿಕೆ ಕಂಡರೆ ಮುಟ್ಟಲೇಬಾರದು. ಗೂಟ ನೆಟ್ಟ ಜಾಗ ಯಾರದೋ ಗಣಿ ಹಕ್ಕಿನದು ಇರಬಹುದು, ಕೇಳದೆ ಕಾಲಿಡಬಾರದು. ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹರಳನ್ನೂ ಎತ್ತುವಂತಿಲ್ಲ. ಬೇಲಿಯಿಲ್ಲದ ಬಯಲಿನಲ್ಲಿ ಇಷ್ಟೊಂದು ಕಟ್ಟಳೆ ಯಾಕೆ ಅನ್ನಿಸಿತ್ತು. ಚೀಲಗಟ್ಟಲೆ ತುಂಬಿಕೊಳ್ಳುವ ಆಸೆ ನನಗೇ ಹುಟ್ಟಿದಾಗ ಅರ್ಥವಾಯಿತು.

ನನ್ನ ಜೇನು ಬಣ್ಣದ ಹರಳು ಈಗ ಬೀರುವಿನಲ್ಲಿದೆ, ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮನೆಗೆ ಬಂದವರು ಕೇಳಿದರೆ ಪರದೆ ಎಳೆದು ತೋರಿಸುತ್ತೇನೆ.