ಪುಟದ ತಳದಲ್ಲಿ ಕಾಣುವ ದಿನಾಂಕ ಯಾವ ಫೈಲಿನದು?

ನಮಸ್ಕಾರ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟಿದ ತಮ್ಮ ಜಾಲತಾಣದ ಪ್ರತಿ ಪುಟದ ತಳದಲ್ಲೂ ‘ಕೊನೆಯ ಪರಿಷ್ಕರಣೆ’ ಎಂದು ದಿನಾಂಕ ತೋರಿಸುವ ವೀಕ್ಷಕರೊಬ್ಬರು, ಒಳಗಿನ ಬರಹವನ್ನು ಎಷ್ಟು ತಿದ್ದಿದರೂ ಆ ದಿನಾಂಕ ಕದಲುವುದಿಲ್ಲವೇಕೆ ಎಂದು ಕೇಳಿದ್ದಾರೆ.

[ಪರದೆಯಲ್ಲಿ: ಒಂದೇ ಸಾಲಿನ ಕೋಡ್]

ಗೆಟ್‌ಲಾಸ್ಟ್‌ಮಾಡ್ ಎಂಬ ಫಂಕ್ಷನ್ ಫೈಲು ಕೊನೆಯದಾಗಿ ಬದಲಾದ ಕ್ಷಣವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಕೊಡುತ್ತದೆ. ಡೇಟ್ ಫಂಕ್ಷನ್ ಅದನ್ನು ನಾವು ಓದುವ ದಿನಾಂಕವಾಗಿಸುತ್ತದೆ. ಇದು ನಿಮಗೆ ಗೊತ್ತಿರುವುದೇ, ಮುಂದೆ ಹೋಗೋಣ.

ತೊಡಕಿರುವುದು ‘ಯಾವ ಫೈಲು’ ಎಂಬಲ್ಲಿ. ಗೆಟ್‌ಲಾಸ್ಟ್‌ಮಾಡ್ ನೋಡುವುದು ಸರ್ವರ್ ಮೊದಲು ಓಡಿಸಿದ ಮುಖ್ಯ ಫೈಲನ್ನು ಮಾತ್ರ. ಆ ಮುಖ್ಯ ಫೈಲು ಇನ್‌ಕ್ಲೂಡ್ ಮಾಡಿಕೊಂಡ, ಅಂದರೆ ತನ್ನೊಳಗೆ ಎಳೆದುಕೊಂಡ, ಫೈಲುಗಳನ್ನು ಈ ಫಂಕ್ಷನ್ ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲ ಪುಟಗಳೂ ಇಂಡೆಕ್ಸ್ ಡಾಟ್ ಪಿಎಚ್‌ಪಿಯ ಮೂಲಕವೇ ತೆರೆದುಕೊಳ್ಳುವ ತಾಣದಲ್ಲಿ ಇದನ್ನು ಬಳಸುವುದೆಂದರೆ, ಮನೆಗೆ ಸುಣ್ಣ ಬಳಿದದ್ದು ಯಾವಾಗ ಎಂದು ಕೇಳಿದವರಿಗೆ ಹೆಬ್ಬಾಗಿಲು ಮಾಡಿಸಿದ ವರ್ಷವನ್ನು ಹೇಳಿದಂತೆ. ಹಾಗೆಂದು ಪುಟದ ತಳಭಾಗವನ್ನು ಬರೆದಿಟ್ಟ ಫುಟರ್ ಫೈಲಿನೊಳಗೆ ಅಂಡರ್‌ಸ್ಕೋರ್‌ಗಳ ನಡುವಿನ ‘ಫೈಲ್’ ಸ್ಥಿರಾಂಕವನ್ನು, ಅಂದರೆ ಆ ಫೈಲಿನದೇ ವಿಳಾಸವನ್ನು, ಕೊಟ್ಟ ಫೈಲು ಬದಲಾದ ಸಮಯ ಹೇಳುವ ಫೈಲ್‌ಎಂಟೈಮ್‌ಗೆ ಕೊಟ್ಟರೆ ಫುಟರಿನ ದಿನಾಂಕವೇ ಎಲ್ಲ ಪುಟಗಳಲ್ಲೂ ಮೆರೆಯುತ್ತದೆ.

ನನಗೆ ಬಹಳ ಹಿಡಿಸಿದ ಪರಿಹಾರವೆಂದರೆ ಗೆಟ್ ಇನ್‌ಕ್ಲೂಡೆಡ್ ಫೈಲ್ಸ್. ಆ ಕ್ಷಣದವರೆಗೆ ಪುಟಕ್ಕಾಗಿ ತೆರೆದ ಫೈಲುಗಳ ಪಟ್ಟಿಯನ್ನು, ಮುಖ್ಯ ಫೈಲನ್ನೂ ಸೇರಿಸಿ, ಅದು ಕೊಡುತ್ತದೆ. ಆದ್ದರಿಂದ ಅದನ್ನು ಪುಟದ ಕೊನೆಯಲ್ಲೇ ಕರೆದು, ಪಟ್ಟಿಯ ಒಂದೊಂದಕ್ಕೂ ಒಂದೇ ಕೆಲಸ ಮಾಡುವ ಅರೇ ಮ್ಯಾಪ್ ಮೂಲಕ ಪ್ರತಿ ಫೈಲಿನ ಸಮಯವನ್ನೂ ತೆಗೆದು, ಅವುಗಳಲ್ಲಿ ಮ್ಯಾಕ್ಸ್, ಅಂದರೆ ಎಲ್ಲಕ್ಕಿಂತ ಇತ್ತೀಚಿನದು, ಯಾವುದೋ ಅದನ್ನು ತೋರಿಸಿದರೆ ಸಾಕು. ಆದರೆ ಫುಟರಿನಲ್ಲಿ ಒಂದು ಫೋನ್ ನಂಬರ್ ತಿದ್ದಿದರೂ ಇಡೀ ತಾಣ ಇಂದೇ ಹೊಸದಾದಂತೆ ಬೀಗುತ್ತದೆ, ಹೀಗಾಗಿ ಫುಟರನ್ನು ಪಟ್ಟಿಯಿಂದ ಹೊರಗಿಡುವುದು ಲೇಸು.

[ಪರದೆಯಲ್ಲಿ: ಗಂಟೆ ಮತ್ತು ನಿಮಿಷದ ಅಕ್ಷರಗಳು]

ಸಮಯವನ್ನೂ ತೋರಿಸುವವರು ಗಮನಿಸಬೇಕಾದ ತಮಾಷೆಯೊಂದಿದೆ. ಡೇಟ್ ಫಂಕ್ಷನ್ನಿನಲ್ಲಿ ಸಣ್ಣ ‘ಎಂ’ ಎಂದರೆ ತಿಂಗಳು. ನಿಮಿಷಕ್ಕೆ ಇರುವುದು ಸಣ್ಣ ‘ಐ’. ಗಂಟೆಯ ನಂತರ ನಿಮಿಷಕ್ಕೆಂದು ‘ಎಂ’ ಹಾಕಿದವರ ತಾಣದಲ್ಲಿ ಅಕ್ಟೋಬರಿನ ತಿದ್ದುಪಡಿಗಳೆಲ್ಲವೂ ಯಾವುದೋ ಗಂಟೆ ದಾಟಿ ಸರಿಯಾಗಿ 10 ನಿಮಿಷಕ್ಕೇ ನಡೆದಿರುತ್ತವೆ. ದೋಷಸಂದೇಶವೂ ಬಾರದು, ನೋಡಲು ಸಮಯದಂತೆಯೇ ಇರುವುದರಿಂದ ಸಂಶಯವೂ ಬಾರದು.

ಸಮಯ ಮೀರುತ್ತಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಟೈಮ್‌ಝೋನನ್ನು ಏಷ್ಯಾ/ಕೋಲ್ಕತಾ ಎಂದು ನಿಗದಿಪಡಿಸದೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಪ್ರಮಾಣ ಸಮಯವಾದ ಯುಟಿಸಿಯಲ್ಲೇ ಬಿಟ್ಟರೆ, ನಸುಕಿನ 4 ಗಂಟೆಗೆ ತಿದ್ದಿದ ಪುಟ ನಿನ್ನೆಯ ದಿನಾಂಕ ತೋರಿಸುತ್ತದೆ. ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ಎಂಬ ಸಾಧನ ಫೈಲುಗಳ ಪರಿಷ್ಕರಣೆಯ ಸಮಯವನ್ನು ಉಳಿಸಿಕೊಳ್ಳುವುದಿಲ್ಲವಾದ್ದರಿಂದ, ಸರ್ವರಿನಲ್ಲಿ ಹೊಸದಾಗಿ ಕ್ಲೋನ್ ಮಾಡಿದ, ಅಂದರೆ ನಕಲಿಳಿಸಿದ, ದಿನವೇ ಎಲ್ಲ ಫೈಲುಗಳ ದಿನಾಂಕವಾಗುತ್ತದೆ. ಇನ್ನು ಬರಹವೇ ಡೇಟಾಬೇಸಿನಲ್ಲಿದ್ದರೆ ಫೈಲಿನ ಸಮಯ ನೋಡುವ ಈ ಯಾವ ಫಂಕ್ಷನ್ನೂ ಕೆಲಸಕ್ಕೆ ಬಾರದು. ಟೇಬಲ್ಲಿನಲ್ಲಿ ಪರಿಷ್ಕರಣೆಯ ಸಮಯಕ್ಕೊಂದು ಕಾಲಂ ಇಟ್ಟು, ಅದನ್ನೇ ಡೇಟ್ ಫಂಕ್ಷನ್ನಿಗೆ ಹೊಂದುವ ಸಂಖ್ಯೆಯಾಗಿ ಪರಿವರ್ತಿಸಿ ಕೊಡಬೇಕು.