ಜೋರಾಗಿ ಕೂಗಬೇಡಿ, ಡಬಲ್ ಅನ್ನಿ

ನಮಸ್ಕಾರ. ಬೆಳಗ್ಗೆ ದಾವಣಗೆರೆಯಲ್ಲಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬರುತ್ತಿದ್ದೆ. ಭರಮಸಾಗರದ ಹತ್ತಿರ ಪಕ್ಕದ ಸೀಟಿನವರು "ಏನ್ ಕೆಲ್ಸದ ಮೇಲೆ ಹೊರಟ್ರಿ?" ಅಂತ ಕೇಳಿದರು. "ರೇಡಿಯೋದಾಗೆ ಇಸ್ಪೀಟಿನ ಬಗ್ಗೆ ಮಾತಾಡೋಕೆ" ಅಂದೆ. ಅವರು ತಮ್ಮ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಅವರದ್ದೇನೂ ತಪ್ಪಿಲ್ಲ. ನಮ್ಮ ಕಡೆ ಇಸ್ಪೀಟು ಅಂದರೆ ಅಂದರ್ ಬಾಹರ್, ಅದರ ಹಿಂದೆಯೇ ಪೊಲೀಸು. ನಾನು ಹೇಳಹೊರಟಿದ್ದು ಬ್ರಿಜ್ ಬಗ್ಗೆ. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿವನಾಥ್ ದೇ ಸರ್ಕಾರ್ ಭಾರತಕ್ಕೆ ಚಿನ್ನ ತಂದರಲ್ಲ, ಅದೇ ಆಟ. ಬರ್ಧನ್ ಅವರಿಗೆ ಆಗ 60 ವರ್ಷ. ನನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು, ಹೋಲಿಕೆ ಅಲ್ಲಿಗೇ ಮುಗಿಯಿತು ಅನ್ನಿ.

'ಇಪ್ಪತ್ತೆಂಟು' ಅನ್ನುವ ಎಲೆಯಾಟ ಆಡಿದವರಿಗೆ ಬ್ರಿಜ್ ಬೇಗ ತಿಳಿಯುತ್ತದೆ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, ತಲೆಗೆ 13 ಎಲೆ. ಒಂದು ಸುತ್ತು ಗೆದ್ದರೆ ಒಂದು ಟ್ರಿಕ್. 'ಒಂದು ಆಟೀನ್' ಅಂತ ಕೂಗಿದರೆ ಆಟೀನೇ ತುರುಫು, ಅಂದರೆ ಬೇರೆ ಜಾತಿಗಳನ್ನು ಹೊಡೆಯುವ ಜಾತಿ, ಮತ್ತು 7 ಟ್ರಿಕ್ ನಮ್ಮದು ಅಂತ ಅರ್ಥ. 'ನಾಲ್ಕು ಇಸ್ಪೀಟು' ಅಂದರೆ 10. ಕೂಗು ಏರುವ ಕ್ರಮ ಕೆಳಗಿನಿಂದ ಮೇಲಕ್ಕೆ ಕಳಾವರ್, ಡೈಮನ್, ಆಟೀನ್, ಇಸ್ಪೀಟು. ಎಲೆಯ ಜಾತಿಯನ್ನು ಹೀಗೆ ರಾಜಾರೋಷವಾಗಿ ಕೂಗಿ ಹೇಳಬಹುದಾದ ಜಾಗ ಇದೊಂದೇ ಇರಬೇಕು. ಕೈಯ ಬಲ ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಪಾಯಿಂಟು. ಇಡೀ ಕಟ್ಟಿಗೆ 40.

ಎದುರಾಳಿಗಳು ಸುಮ್ಮನಿದ್ದರೆ ಒಳ್ಳೆ ಎಲೆ ಬಿದ್ದವನಿಗೆ ಕಷ್ಟವೇನಿಲ್ಲ. ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಹತ್ತಬಹುದು. ಕಷ್ಟ ಶುರುವಾಗುವುದು ಅವರೇ ಮೊದಲು ಬಾಯಿ ತೆಗೆದಾಗ. ಆಗ ನಮ್ಮ ಕೈ ಬಲವಾಗಿದೆ ಅಂತ ಜೋಡಿಗೆ ತಿಳಿಸುವುದು ಹೇಗೆ?

ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಆಟ ಕಲಿತ ಹೊಸದು. ದಾವಣಗೆರೆಯಲ್ಲಿ ಒಬ್ಬ ರಿಟೈರ್ಡ್ ಗಣಿತದ ಮೇಷ್ಟ್ರ ಮನೆ ಪಡಸಾಲೆ, ಮೇಷ್ಟ್ರೇ ನನಗೆ ಜೋಡಿ. ನನ್ನ ಬಲಗಡೆಯವರು 'ಒಂದು ಆಟೀನ್' ಅಂದರು. ನನ್ನ ಕೈಲಿ ಇಸ್ಪೀಟು ಆರು: ಎಕ್ಕ, ರಾಜ, ಗುಲಾಮ, 9, 7, 4. ಆಟೀನ್ ಬರೀ ಆರರದ್ದು ಒಂದು. ಡೈಮನ್ ಎಕ್ಕ, ರಾಣಿ, 5. ಕಳಾವರ್ ರಾಜ, ಗುಲಾಮ, 3. ಒಟ್ಟು 18 ಪಾಯಿಂಟು. ಎದೆ ಹೊಡೆದುಕೊಳ್ಳತೊಡಗಿತು. ಒಂದು ಇಸ್ಪೀಟು ಅಂದರೆ ಸಾಕಿತ್ತು, ಆದರೆ ಇಷ್ಟು ಐಶ್ವರ್ಯ ಇಟ್ಟುಕೊಂಡು ಒಂದು ಅನ್ನುವುದೇ ಅಂತ 'ಎರಡು ಇಸ್ಪೀಟು' ಅಂದೆ, ಸ್ವಲ್ಪ ಗಟ್ಟಿಯಾಗಿಯೇ. ಎಡಗಡೆಯವರು ಪಾಸ್. ಮೇಷ್ಟ್ರೂ ಪಾಸ್. ಕತೆ ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಎಲೆ ಬಿಡಿಸಿ ಹಾಸಿದರು. ಇಸ್ಪೀಟಿನ ರಾಣಿ, ಡೈಮನ್ನಿನ ರಾಜ ಮತ್ತು ಗುಲಾಮ, ಕಳಾವರ್ ರಾಣಿ. ಒಂದು ಆಟೀನ್ ಹೋಯಿತು, ಕಳಾವರ್ ಎಕ್ಕ ಹೋಯಿತು, ಉಳಿದ 11 ಟ್ರಿಕ್ಕೂ ನಮಗೇ. ಬಂದಿದ್ದು 200 ಅಂಕ. ಅದೇ ಎಲೆಗೆ ನಾಲ್ಕು ಇಸ್ಪೀಟು ಕೂಗಿದ್ದರೆ 450.

"ಅಲ್ಲಪ್ಪಾ, ಹದಿನೆಂಟು ಪಾಯಿಂಟು ಮಡಿಲಲ್ಲಿಟ್ಕೊಂಡು ಬಡವರ ಕೂಗು ಕೂಗಿದೆಯಲ್ಲ?" ಅಂದರು ಮೇಷ್ಟ್ರು.

"ಸಾರ್, ಒಂದು ಮೆಟ್ಟಿಲು ಜಿಗಿದೆನಲ್ಲ, ಜಾಸ್ತಿ ಇದೆ ಅಂತ ಗೊತ್ತಾಗ್ಲಿಲ್ವಾ?"

"ಜಿಗಿಯೋದು ಇಲ್ಲದೋರು. ಇದ್ದೋರು ಯಾಕೆ ಜಿಗೀತಾರೆ?"

ಇದನ್ನು ಅರಗಿಸಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು. ಎದುರಾಳಿ ಬಾಯಿ ತೆಗೆದ ಮೇಲೆ ನಾವು ಒಮ್ಮೆಲೇ ಮೇಲಕ್ಕೆ ಹಾರಿದರೆ, ಈಗಿನವರ ರೂಢಿಯಲ್ಲಿ ಅದಕ್ಕೆ ಒಂದೇ ಅರ್ಥ: ಆರು ಎಲೆ ಉದ್ದದ ಒಂದು ಜಾತಿ ಇದೆ, ಬೇರೇನೂ ಇಲ್ಲ. ಯಾಕೆ ಹಾರುತ್ತೇವೆ? ಅವರು ಮಾತಾಡಿಕೊಳ್ಳುವ ಮೆಟ್ಟಿಲುಗಳನ್ನು ನುಂಗಿಹಾಕಲಿಕ್ಕೆ. ಕೈಲಿ ಬಲ ಇದ್ದವನಿಗೆ ಆ ಮೆಟ್ಟಿಲುಗಳು ತನಗೇ ಬೇಕು, ತನ್ನ ಜೋಡಿಯ ಜೊತೆ ಮಾತಾಡಲಿಕ್ಕೆ. ಜಿಗಿದರೆ ಅವನು ನುಂಗುವುದು ತನ್ನದೇ ಜಾಗವನ್ನು.

ಹಾಗಾದರೆ ಬಲ ಇದ್ದವನು ಹೇಳುವುದೇನು? ಡಬಲ್. ಹೆಸರು ನೋಡಿದರೆ 'ನೀವು ಸೋಲುತ್ತೀರಿ, ದಂಡ ಎರಡರಷ್ಟು ಕಟ್ಟಿ' ಅಂತ ಇರಬೇಕು. ಕೆಳಗಿನ ಮಟ್ಟದಲ್ಲಿ ಅದರ ಅರ್ಥವೇ ಬೇರೆ: 'ನನ್ನ ಹತ್ತಿರ ಸರಕಿದೆ, ನಿನ್ನ ಉದ್ದದ ಜಾತಿ ಯಾವುದು ಹೇಳು.' ಸಾಮಾನ್ಯ ಡಬಲ್‌ಗೆ 12 ಪಾಯಿಂಟು, ಉಳಿದ ಮೂರೂ ಜಾತಿಗೆ ಆಸರೆ ಇದ್ದರೆ ಸಾಕು. ಆದರೆ ನನಗೆ ಬಿದ್ದಂಥ ಎಲೆಗೂ ಅದೇ ಬಾಗಿಲು. ಮೊದಲು ಡಬಲ್. ಮೇಷ್ಟ್ರು 'ಎರಡು ಡೈಮನ್' ಅನ್ನುತ್ತಿದ್ದರು. ಆಗ ನಾನು ಅದನ್ನು ಬಿಟ್ಟು 'ಎರಡು ಇಸ್ಪೀಟು' ಅನ್ನಬೇಕಿತ್ತು. ಕೂಗು ಅದೇ ಎರಡು ಇಸ್ಪೀಟು! ಬಂದ ದಾರಿ ಬೇರೆ, ಅಷ್ಟೇ. ಜೋಡಿಯ ಉತ್ತರ ಕೇಳಿಸಿಕೊಂಡೂ ತನ್ನದೇ ಜಾತಿಗೆ ಹೊರಳಿದವನ ಹತ್ತಿರ 17-18ಕ್ಕೆ ಕಡಿಮೆ ಇರುವುದಿಲ್ಲ ಅನ್ನುವುದು ಒಪ್ಪಂದ. ಜೋಡಿಯ ಹತ್ತಿರ ಏನೂ ಇಲ್ಲದಿದ್ದರೆ ಅಲ್ಲೇ ಪಾಸ್ ಮಾಡಬಹುದು. ಮೇಷ್ಟ್ರ ಹಾಗೆ 8 ಇದ್ದರೆ ಮೇಲಕ್ಕೆ ಒಯ್ಯುತ್ತಾರೆ.

ಇದರಲ್ಲೊಂದು ಅಪಾಯವೂ ಇದೆ. ನೀವು ಡಬಲ್ ಅಂದೊಡನೆ ಎಡಗಡೆಯವನು 'ನಾಲ್ಕು ಆಟೀನ್' ಅಂತ ಬಾಗಿಲು ಹಾಕಿಬಿಟ್ಟರೆ ನಿಮ್ಮ ಇಸ್ಪೀಟು ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ 15-16 ಪಾಯಿಂಟು, ಒಳ್ಳೆ ಐದಾರು ಇಸ್ಪೀಟು ಇದ್ದರೆ ನಾನಂತೂ ಡಬಲ್‌ನ ಸಹವಾಸಕ್ಕೆ ಹೋಗುವುದಿಲ್ಲ. ಮೊದಲೇ 'ಒಂದು ಇಸ್ಪೀಟು' ಅಂತ ಹೆಸರು ಹಚ್ಚಿಬಿಡುತ್ತೇನೆ.

ಜೋಡಿ ಆಗಲೇ ಬಾಯಿ ತೆಗೆದಿದ್ದರೆ ಇನ್ನೊಂದು ಉಪಾಯ. ಅವರು ಒಂದು ಡೈಮನ್, ನಿಮ್ಮ ಜೋಡಿ ಒಂದು ಇಸ್ಪೀಟು, ನಿಮ್ಮಲ್ಲಿ ಮೂರು ಇಸ್ಪೀಟು, 12 ಪಾಯಿಂಟು. ಮೂರು ಇಸ್ಪೀಟಿಗೆ ಜಿಗಿಯಬೇಡಿ, ಅದು ನಾಲ್ಕು ತುರುಫಿರುವ ಬಡವನ ಕೂಗು. 'ಎರಡು ಡೈಮನ್' ಅನ್ನಿ. ಹೌದು, ಎದುರಾಳಿಯ ಜಾತಿಯನ್ನೇ. ಅವರ ತುರುಫಿನಲ್ಲಿ ಆಡಲು ನಿಮಗೇನು ಹುಚ್ಚೇ? ಆ ಕೂಗಿಗೆ ಬೇರೆ ಉಪಯೋಗವಿಲ್ಲ ಅಂತಲೇ ಅದನ್ನು ಬಲ ತೋರಿಸಲು ಎತ್ತಿಟ್ಟಿದ್ದಾರೆ. ಹಾಗೆಯೇ ನಿಮ್ಮ ಜೋಡಿ ಮೊದಲು ಕೂಗಿ ಎದುರಾಳಿ ಡಬಲ್ ಅಂದರೆ, 10ಕ್ಕೆ ಮೇಲಿದ್ದವನು ಸಾಮಾನ್ಯವಾಗಿ 'ರೀಡಬಲ್', ಅಂದರೆ ಆ ಡಬಲ್‌ಗೂ ಡಬಲ್, ಅನ್ನುತ್ತಾನೆ.

ದನದ ಜಾತ್ರೆಯಲ್ಲಿ ದಲಾಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುವುದನ್ನು ನೀವು ನೋಡಿರುತ್ತೀರಿ. ಬ್ರಿಜ್‌ನಲ್ಲಿ ಟವೆಲ್ ಇಲ್ಲ. ಡಬಲ್‌ಗೆ ಏನರ್ಥ ಅಂತ ಎದುರಾಳಿ ಕೇಳಿದರೆ ಹೇಳಲೇಬೇಕು. ಗಟ್ಟಿ ದನಿಯಲ್ಲಿ ಕೂಗಿ ಜೋಡಿಗೆ ಸೂಚನೆ ಕೊಡುವುದಂತೂ ನಿಯಮಕ್ಕೇ ವಿರುದ್ಧ. ಆವತ್ತು ನಾನು ಅದನ್ನೂ ಮಾಡಿದ್ದೆ, ಮೇಷ್ಟ್ರು ಕೇಳಿಸಿಕೊಳ್ಳದವರ ಹಾಗೆ ಪಾಸ್ ಅಂದಿದ್ದರು. ದೊಡ್ಡ ಪಂದ್ಯಗಳಲ್ಲಿ ಈ ತಕರಾರೇ ಬೇಡ ಅಂತ ಕೂಗನ್ನು ಚೀಟಿಯಲ್ಲಿ ತೋರಿಸುತ್ತಾರೆ, ಬಾಯಿ ಬಿಡುವಂತಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಪಡಸಾಲೆಯಲ್ಲಿ ಹೆಚ್ಚುಕಡಿಮೆ ಅಂಥದೇ ಎಲೆ ಬಿತ್ತು. ಬಲಗಡೆಯಿಂದ ಮತ್ತೆ 'ಒಂದು ಆಟೀನ್'. ನಾನು ಉಸಿರು ಬಿಗಿಹಿಡಿದು, ಮೆಲ್ಲಗೆ 'ಡಬಲ್' ಅಂದೆ. ಎಡಗಡೆಯವರು ಪಾಸ್. ಮೇಷ್ಟ್ರು ಏನಂದರೂ ಸರಿ, ಇಸ್ಪೀಟು ಕೂಗುವುದು ಅಂತ ಕಾಯುತ್ತಿದ್ದೆ. ಅವರು ಕನ್ನಡಕ ಸರಿ ಮಾಡಿಕೊಂಡು 'ಪಾಸ್' ಅಂದರು.

ಇವರಿಗೆ ಕಿವಿ ಕೇಳಿಸಲಿಲ್ಲವೇ ಅಂತ ಗಾಬರಿಯಾದೆ. ಆಮೇಲೆ ಹೊಳೆಯಿತು: ಆಟೀನಿನ ಉದ್ದನೆಯ ಸಾಲು ಅವರ ಕೈಯಲ್ಲೇ ಕೂತಿದೆ, ನನ್ನ ಡಬಲನ್ನು ಅವರು ನಿಜವಾದ ದಂಡ ಮಾಡಿಬಿಟ್ಟರು. ನನ್ನಲ್ಲಿದ್ದ ಒಂದೇ ಆಟೀನನ್ನು ಇಳಿಸಿದೆ. ಎದುರಾಳಿಗೆ ಸಿಕ್ಕಿದ್ದು 4 ಟ್ರಿಕ್. 3 ಕಮ್ಮಿ, 500 ಅಂಕ. ನಾವು ಗೇಮ್, ಅಂದರೆ ಆ ನಾಲ್ಕು ಇಸ್ಪೀಟು, ಕೂಗಿ ಗೆದ್ದಿದ್ದರೂ ಅಷ್ಟು ಬರುತ್ತಿರಲಿಲ್ಲ.

ಮೇಷ್ಟ್ರು ಹಾಳೆಯಲ್ಲಿ 500 ಅಂತ ಬರೆದು, ಅದರ ಕೆಳಗೆ ಗೆರೆ ಎಳೆದು, ಒಳಗಡೆ ತಿರುಗಿ, "ಮಂಡಕ್ಕಿ ಆಯ್ತೇನಮ್ಮಾ?" ಅಂತ ಕೇಳಿದರು.

ನಮಸ್ಕಾರ.