ತಲೆಮರೆಸಿಕೊಂಡವರ ಖರ್ಚಿನ ಪುಸ್ತಕ

(ತುಮಕೂರಿನಲ್ಲಿ ಹದಿಹರೆಯದವರ ಕಾದಂಬರಿ ಕುರಿತು ನಡೆದ ಕಮ್ಮಟದ ಉಪನ್ಯಾಸ, ಬರಹರೂಪದಲ್ಲಿ)

ನಮಸ್ಕಾರ. ಬೆಳಿಗ್ಗೆ ಇಲ್ಲಿ ಓದಿದ ಕಥಾಸಾರಗಳಲ್ಲಿ ಬಹುಪಾಲು ಒಂದೇ ಎಳೆಯವು. ಎಲ್ಲೋ ದೂರದ ಗ್ರಹ ಹಾಳಾಗುತ್ತದೆ, ಕೆಲವು ಮಕ್ಕಳು ಒಬ್ಬೊಬ್ಬ ಪೋಷಕರ ಕೈಹಿಡಿದು ಭೂಮಿಗೆ ಓಡಿಬರುತ್ತಾರೆ, ಹೆಸರು ಬದಲಿಸುತ್ತಾ ಊರೂರು ತಿರುಗುತ್ತಾರೆ, ಹದಿನೈದಕ್ಕೆ ಶಕ್ತಿ ಬರುತ್ತದೆ, ಅಟ್ಟಿಸಿಕೊಂಡು ಬಂದವರು ಬಾಗಿಲು ಬಡಿಯುತ್ತಾರೆ. ಒಳ್ಳೆಯ ಎಳೆ, ಏಳು ಸಂಪುಟ ನೂಲಬಹುದು. ಆದರೆ ಮಗುವನ್ನು ಬಚ್ಚಿಟ್ಟದ್ದೆಲ್ಲಿ? ಒಬ್ಬರು ದೇವರಾಯನದುರ್ಗದ ಗುಹೆಯಲ್ಲಿ, ಇಬ್ಬರು ಮಧುಗಿರಿಯ ಬೆಟ್ಟದ ಮೇಲೆ, ನಾಲ್ಕು ಜನ ಕೋಲಾರದ ಚಿನ್ನದ ಗಣಿಯೊಳಗೆ. ಬೆಟ್ಟದ ಮೇಲೆ ಶನಿವಾರ ಬಂತೆಂದರೆ ಅರ್ಧ ಬೆಂಗಳೂರು ಸೆಲ್ಫಿ ಹಿಡಿದು ನಿಂತಿರುತ್ತದೆ. ಗಣಿಯ ಮಾತು ಆಮೇಲೆ ಆಡೋಣ.

ನನ್ನ ಹಟ ಒಂದೇ. ಬಚ್ಚಿಟ್ಟುಕೊಳ್ಳುವುದಕ್ಕೆ ಖರ್ಚಿದೆ. ಆ ಖರ್ಚು ಯಾರದಾದರೂ ಪುಸ್ತಕದಲ್ಲಿ ಏರಿಯೇ ಏರುತ್ತದೆ. ಕಾದಂಬರಿಕಾರ ಮೊದಲು ಆ ಪುಸ್ತಕ ಬರೆಯಬೇಕು, ಕಥೆ ಆಮೇಲೆ. ಐದು ವಿಷಯ ಗುರುತು ಹಾಕಿಕೊಂಡಿದ್ದೇನೆ. ಐದೂ ಮುಗಿಯುತ್ತವೆಂಬ ಭರವಸೆ ಅಧ್ಯಕ್ಷರಿಗೆ ಇದ್ದಹಾಗಿಲ್ಲ.

ಮೊದಲು, ಇಳಿಯುವುದು. ದೂರದಿಂದ ಬಂದ ಯಾವ ವಸ್ತುವೂ ಭೂಮಿಗೆ ಬೀಳುವಾಗ ಸೆಕೆಂಡಿಗೆ ಕನಿಷ್ಠ 11.2 ಕಿಲೋಮೀಟರ್ ವೇಗದಲ್ಲಿರುತ್ತದೆ. ಹತ್ತು ಟನ್ನಿನ ಪುಟ್ಟ ನೌಕೆ ಎನ್ನಿ. ಆ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 150 ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. ನಿಲ್ಲಬೇಕಾದರೆ ಅಷ್ಟನ್ನೂ ಎಲ್ಲಾದರೂ ಸುರಿಯಬೇಕಲ್ಲ? ಗಾಳಿಗೆ ಸುರಿದರೆ ಬೆಳಕು, ಶಾಖ, ಸದ್ದು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಕಲ್ಲೊಂದು ಸಿಡಿದಾಗ ಸಾವಿರಾರು ಕಿಟಕಿಗಳ ಗಾಜು ಪುಡಿಯಾಯಿತು. ನಿಮ್ಮ ನೌಕೆ ಮಾತ್ರ ನಂದಿಬೆಟ್ಟದ ಹಿಂದೆ "ಸದ್ದಿಲ್ಲದೆ" ಇಳಿಯುತ್ತದೆ.

ಅದೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ! ಠಾಣೆಯ ಹಿತ್ತಿಲಲ್ಲೇ ಕನ್ನ ಹಾಕಿದಂತೆ. ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು 1960ರ ದಶಕದಿಂದ ನೆಲಕ್ಕೆ ಕಿವಿಕೊಟ್ಟು ಕುಳಿತಿದೆ. ದೂರದೇಶಗಳು ನೆಲದಡಿ ಅಣುಬಾಂಬು ಸಿಡಿಸಿದರೆ ಗೊತ್ತಾಗಲಿ ಎಂದೇ ಅದು ಹುಟ್ಟಿದ್ದು. ಒಂದೇ ಮಾಪಕವಾದರೆ ನೆಲ ನಡುಗಿತು ಎಂದಷ್ಟೇ ಹೇಳುತ್ತದೆ. ಸಾಲಾಗಿ ಹೂಳಿದರೆ ಒಂದೇ ಅಲೆ ಯಾವ ಮಾಪಕಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಲುಪಿತು ಎಂಬ ಅಂತರದಿಂದ ಅದು ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುತ್ತದೆ. ಅದೇ ಗೌರಿಬಿದನೂರಿನಲ್ಲಿ ಇನ್ನೊಂದು ಕಿವಿ ಆಕಾಶಕ್ಕೆ ತೆರೆದಿದೆ: 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕ, ಡೈಪೋಲ್ ಎಂಬ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ್ದು, ಪೂರ್ವಪಶ್ಚಿಮದ ತೋಳೇ 1.4 ಕಿಲೋಮೀಟರ್. ನಿಮ್ಮ ನೌಕೆ ತವರಿಗೆ ಸಂದೇಶ ಕಳಿಸುವುದಾದರೆ ಆ ತರಂಗಪಟ್ಟಿಯಲ್ಲಿ ಮಾತ್ರ ಬೇಡ.

ಹಾಗಾದರೆ ಇಳಿಯುವುದು ಹೇಗೆ? ಸದ್ದು ಅಡಗಿಸಲಾರಿರಿ, ಬೇರೆ ಸದ್ದಿನೊಳಗೆ ಬೆರೆಸಬಹುದು. ಇಲ್ಲಿ ಕಲ್ಲುಕ್ವಾರಿಗಳಿವೆ, ಮಧ್ಯಾಹ್ನ ಒಂದು ಢಮಾರ್ ಕೇಳಿದರೆ ಜನ ತಲೆಯೆತ್ತುವುದಿಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಮೇಲೆ ಭಾರಿ ಸದ್ದಾಯಿತು, ನೆನಪಿದೆಯೇ? ಭೂಕಂಪ ಎಂದರು, ಇನ್ನೇನೇನೋ ಎಂದರು. ಭೂಕಂಪಮಾಪಕಗಳು ಇಲ್ಲ ಎಂದವು. ಕೊನೆಗೆ ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ದಾಟಿದ ಸದ್ದು ಎಂದಾಯಿತು. ಮೂರೇ ದಿನಕ್ಕೆ ಊರು ಮರೆಯಿತು. ಬಾನೂ ನೆಲವೂ ಬೇರೆಬೇರೆ ಸಾಕ್ಷಿ ಹೇಳುವ ಆ ಸಂದಿನಲ್ಲೇ ನಿಮ್ಮ ಮೊದಲ ಅಧ್ಯಾಯ ಇರುವುದು.

ಈಗ ಗಣಿ. ಕೆಜಿಎಫ್ ಒಳಗೆ ಮಗುವನ್ನು ಇಟ್ಟ ನಾಲ್ವರೂ ಕೈಯೆತ್ತಬೇಡಿ, ನಾಚಿಕೆಯೇನಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮುಚ್ಚಿದ ಗಣಿಯಲ್ಲಿ ಪಂಪು ನಿಲ್ಲುತ್ತದೆ, ಪಂಪು ನಿಂತರೆ ನೀರು ಏರುತ್ತದೆ. ಮೂರು ಕಿಲೋಮೀಟರ್‌ಗೂ ಆಳದ ಆ ಸುರಂಗಗಳು ಕಥೆಗಾರರು ಬಂದು ಬಾಡಿಗೆಗೆ ಹಿಡಿಯಲಿ ಎಂದು ಒಣಗಿಕೊಂಡು ಕಾದಿಲ್ಲ. ನಡೆಯುತ್ತಿದ್ದಾಗಲೂ ತಳದ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು, ತಂಪು ಗಾಳಿ ಊದದೆ ಅಲ್ಲಿ ಯಾರೂ ನಿಲ್ಲುವಂತಿರಲಿಲ್ಲ.

ಆದರೂ ಆ ಗಣಿಯನ್ನು ಬಿಡಬೇಡಿ. ಬಚ್ಚಿಟ್ಟುಕೊಳ್ಳುವುದರ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ನಡೆದ ಅತ್ಯುತ್ತಮ ಕಥೆ ಅಲ್ಲೇ ಇದೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನ್ಯೂಟ್ರಿನೊ ಎಂಬ ಕಣ ತಲೆಮರೆಸಿಕೊಂಡವರಲ್ಲಿ ಮಹಾರಾಜ. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ನಿಮ್ಮ ಹೆಬ್ಬೆರಳ ಉಗುರಿನ ಮೂಲಕ ಪ್ರತಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ದಾಟುತ್ತಿವೆ, ಒಂದೂ ತಟ್ಟಿ ಹೇಳುವುದಿಲ್ಲ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೊ ಹುಟ್ಟಬೇಕು ಎಂಬುದು ಲೆಕ್ಕ. ಆಗಿನ್ನೂ ನೋಡಿದವರಿರಲಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳಕ್ಕೆ ಉಪಕರಣ ಇಳಿಸಿದರು. ತಂಡದಲ್ಲಿ ಎಂ.ಜಿ.ಕೆ. ಮೆನನ್ ಇದ್ದರು, ನಂಜನಗೂಡು ಕಡೆಯ ನಮ್ಮ ಬಿ.ವಿ. ಶ್ರೀಕಂಠನ್ ಇದ್ದರು. ಅಷ್ಟು ಆಳ ಯಾಕೆ? ಮೇಲೆ ಮ್ಯೂಯಾನ್ ಎಂಬ ಬೇರೆ ಕಣಗಳ ಸಂತೆ. ಬಂಡೆ ಅವನ್ನು ಸೋಸಿಬಿಡುತ್ತದೆ. ಆದರೂ ನೆತ್ತಿಯಿಂದ ಕೆಲವು ಇಳಿದೇ ಇಳಿಯುತ್ತವೆ.

ಜಾಣತನ ಇರುವುದು ಇಲ್ಲಿ. ಅವರು ಮೇಲೆ ನೋಡಲಿಲ್ಲ, ಪಕ್ಕಕ್ಕೆ ನೋಡಿದರು. ಕಣ ಹಾದರೆ ಮಿನುಗುವ ಸಿಂಟಿಲೇಟರ್‌ಗಳನ್ನು ಗೋಡೆಯಂತೆ ನೆಟ್ಟಗೆ ಎರಡು ಸಾಲು ನಿಲ್ಲಿಸಿ, ನಡುವೆ ಸೀಸದ ಹಲಗೆ, ಕಣ ಹಾದ ದಾರಿಯಲ್ಲಿ ಮಿಂಚುವ ನಿಯಾನ್ ಕೊಳವೆ ಜೋಡಿಸಿದರು. ಅಡ್ಡಡ್ಡ ಬರುವ ಮ್ಯೂಯಾನ್ ಹೊರಗಿನಿಂದ ಬಂದದ್ದಾದರೆ ಹತ್ತಾರು ಕಿಲೋಮೀಟರ್ ಬಂಡೆ ಕೊರೆದು ಬರಬೇಕು. ಅದು ಅದಕ್ಕೆ ಸಾಧ್ಯವಿಲ್ಲ. ಹಾಗಾಗಿ ಅಡ್ಡ ಬಂದದ್ದು ಪಕ್ಕದ ಬಂಡೆಯಲ್ಲೇ, ನ್ಯೂಟ್ರಿನೊ ತಾಗಿ ಹುಟ್ಟಿದ್ದು. ಬಂತು, ಬೆರಳೆಣಿಕೆಯಷ್ಟು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದೇ ಬೇಟೆಯಲ್ಲಿತ್ತು. 1965ರ ಆಗಸ್ಟಿನಲ್ಲಿ ಎರಡೂ ವರದಿ ಅಚ್ಚಾದವು, ಕೋಲಾರದ್ದು ಎರಡು ವಾರ ಮುಂಚೆ.

ಈ ಕಥೆ ಹೇಳಿದ್ದು ಹೆಮ್ಮೆಗಲ್ಲ. ಸರಿ, ಸ್ವಲ್ಪ ಹೆಮ್ಮೆಗೂ. ಗಮನಿಸಿ: ನ್ಯೂಟ್ರಿನೊವನ್ನು ಯಾರೂ ನೋಡಲಿಲ್ಲ. ಅದು ನೆರೆಯ ಬಂಡೆಗೆ ಮಾಡಿದ್ದನ್ನು ನೋಡಿದರು. ನಿಮ್ಮ ಖಳನಾಯಕ ಮಗುವನ್ನು ಹುಡುಕಬಾರದು, ಮಗುವಿನ ಅಕ್ಕಪಕ್ಕ ಹುಡುಕಬೇಕು. ಎರಡೇ ಜನರ ಮನೆಗೆ ಐದು ಜನರಷ್ಟು ಅಕ್ಕಿ ಯಾಕೆ ಹೋಗುತ್ತದೆ? ಖರ್ಚು ನೆರೆಮನೆಯ ಪುಸ್ತಕದಲ್ಲೂ ಏರಬಹುದು.

ಎರಡನೆಯದು ಮೈ. ಎಲ್ಲರ ಗ್ರಹಕ್ಕೂ ಗುರುತ್ವ ಹೆಚ್ಚು, ಆದ್ದರಿಂದ ಮಗು ಇಲ್ಲಿ ಭೀಮ. ಒಂದೂವರೆ ಪಟ್ಟು ಗುರುತ್ವದಲ್ಲಿ 40 ಸೆಂಟಿಮೀಟರ್ ನೆಗೆಯುವವನು ಅದೇ ವೇಗದಲ್ಲಿ ಇಲ್ಲಿ ಚಿಮ್ಮಿದರೆ 60 ಸೆಂಟಿಮೀಟರ್. ಖೋಖೋ ತಂಡಕ್ಕೆ ಸೇರಿಸಿಕೊಂಡಾರು, ಬೆಟ್ಟ ಹಾರುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು ವಯಸ್ಸಿನದು. ಎರಡು ವರ್ಷಕ್ಕೆ ಬಂದ ಮಗುವಿನ ಎಲುಬು ಬೆಳೆದದ್ದು ಭೂಮಿಯ ಭಾರದಲ್ಲಿ. ತೂಕವಿಲ್ಲದ ಬಾಹ್ಯಾಕಾಶದಲ್ಲಿ ಯಾನಿಗಳ ಸೊಂಟದ ಎಲುಬು ತಿಂಗಳಿಗೆ ಶೇಕಡಾ ಒಂದರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಮೈ ಬೇಡದ್ದನ್ನು ಇಟ್ಟುಕೊಳ್ಳುವುದಿಲ್ಲ. ಹದಿಮೂರು ವರ್ಷ ಇಲ್ಲೇ ಬೆಳೆದವನ ಬಲ ನಮ್ಮಂತೆಯೇ ಆಗಿರುತ್ತದೆ. ಬಲವಿರುವುದು ದೊಡ್ಡವನಾಗಿ ಬಂದ ಪೋಷಕನಿಗೆ, ಅದೂ ಮೊದಲ ಕೆಲವು ವರ್ಷ.

ಊಟ. ಭೂಮಿಯ ಜೀವಿಗಳ ಪ್ರೋಟೀನು ಕಟ್ಟಿರುವುದು ಎಡಗೈ ಅಮೈನೊ ಆಮ್ಲಗಳಿಂದ. ಎಡಗೈ ಬಲಗೈಗಳಂತೆ ಆ ಅಣುಗಳಿಗೂ ಕನ್ನಡಿಬಿಂಬದ ಎರಡು ರೂಪ. ಅವರ ಲೋಕದಲ್ಲಿ ಬಲಗೈಯವು ಇದ್ದರೆ? ಎಡಗೈ ಕೀಲಿಗೆ ಬಲಗೈ ಬೀಗ. ಮುದ್ದೆ, ಹುರುಳಿ ಸಾರು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಲ್ಲ ಹೊಟ್ಟೆ ತುಂಬಿಸುತ್ತವೆ, ಮೈಗೆ ಹತ್ತುವುದಿಲ್ಲ. ಉಂಡೂ ಸೊರಗುವ ಮಗು. ನಿರಾಶ್ರಿತರ ಕಥೆಗೆ ಇದಕ್ಕಿಂತ ಬೇರೆ ಉಪಮೆ ಬೇಕೇ? ಆದರೆ ಏಳು ಸಂಪುಟ ಬದುಕಬೇಕಲ್ಲ, ಹಾಗಾಗಿ ಎಡಗೈಯೇ ಇರಲಿ ಎಂದು ಮೊದಲೇ ತೀರ್ಮಾನಿಸಿ, ಮತ್ತೆ ಬದಲಿಸಬೇಡಿ.

ಹಲ್ಲು. ಇದು ಯಾರ ಕಥೆಯಲ್ಲೂ ಇಲ್ಲ. ಪಾವಗಡದ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಎಷ್ಟೆಂದು ಇಲ್ಲಿ ಕೂತವರಿಗೆ ಹೇಳಬೇಕಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಹಲ್ಲಿನ ಎನಾಮೆಲ್ ಕಟ್ಟುವುದು ಸುಮಾರು ಎಂಟು ವರ್ಷದವರೆಗೆ, ಕಂದು ಪಟ್ಟೆ ಮೂಡುವುದೂ ಆ ವಯಸ್ಸಿನ ನೀರಿನಿಂದಲೇ. ಹತ್ತು ವರ್ಷಕ್ಕೆ ಬಂದು "ಹುಟ್ಟಿದ್ದು ಇಲ್ಲೇ" ಎನ್ನುವ ಹುಡುಗ ನಕ್ಕರೆ ಸಾಕು, ಬಿಳಿ ಹಲ್ಲು ಅವನನ್ನು ಹಿಡಿದುಕೊಡುತ್ತದೆ. ಕಥೆ ಈಗಿನ ಕಾಲದ್ದಾದರೆ ಎಚ್ಚರ. ಶುದ್ಧ ನೀರಿನ ಘಟಕಗಳು ಬಂದ ಮೇಲೆ ಈ ಗುರುತು ಮಾಸುತ್ತಿದೆ. ಇಪ್ಪತ್ತೈದು ವರ್ಷ ಹಿಂದಿನ ಕಥೆಯಾದರೆ ಗಟ್ಟಿ ಸಾಕ್ಷಿ.

ಮೂರನೆಯದು ಶಕ್ತಿ. ಮನಸ್ಸಿನಿಂದಲೇ ಬಸ್ಸು ಎತ್ತುವ ದೃಶ್ಯ ಆರು ಕಥೆಗಳಲ್ಲಿದೆ. ಎತ್ತಲಿ. ಜನ ತುಂಬಿದ ಬಸ್ಸು ಸುಮಾರು 15 ಟನ್. ಒಂದು ಮೀಟರ್ ಎತ್ತಲು ಬೇಕಾದ್ದು 147 ಕಿಲೋಜೂಲ್, ಅಂದರೆ ಬರೀ 35 ಕಿಲೊಕ್ಯಾಲರಿ. ಅಚ್ಚರಿಯೇ? ತೊಂದರೆ ಒಟ್ಟು ಶಕ್ತಿಯದಲ್ಲ, ಅವಸರದ್ದು. ಒಂದೇ ಸೆಕೆಂಡಿನಲ್ಲಿ ಎತ್ತಿದರೆ ಸುಮಾರು 200 ಅಶ್ವಶಕ್ತಿ, ಬಸ್ಸಿನ ಇಂಜಿನ್ನೇ ಹುಡುಗಿಯ ಪಕ್ಕೆಯೊಳಗೆ ಓಡಿದಂತೆ. ನಮ್ಮ ಸ್ನಾಯು ತಿಂದ ಶಕ್ತಿಯಲ್ಲಿ ಕಾಲುಭಾಗ ಕೆಲಸಕ್ಕೆ, ಮುಕ್ಕಾಲು ಶಾಖಕ್ಕೆ. ಅವಳ ಮೈಯೂ ಹಾಗೇ ಎನ್ನಿ. 440 ಕಿಲೋಜೂಲ್ ಶಾಖ 50 ಕಿಲೋ ಮೈಯಲ್ಲಿ ಉಳಿದರೆ ಎರಡೂವರೆ ಡಿಗ್ರಿ ಸೆಲ್ಸಿಯಸ್ ಏರುತ್ತದೆ. ನಮ್ಮ ಥರ್ಮಾಮೀಟರಿನ ಲೆಕ್ಕದಲ್ಲಿ 103 ಡಿಗ್ರಿ ಜ್ವರ! ಬಸ್ಸು ಎತ್ತಿದ ಸಂಜೆ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊತ್ತೊಯ್ಯುತ್ತಾರೆ, ಡೆಂಗಿ ಇರಬಹುದೆಂದು ರಕ್ತ ತೆಗೆಯುತ್ತಾರೆ, ರಕ್ತ ಲ್ಯಾಬಿಗೆ ಹೋಗುತ್ತದೆ... ನೋಡಿ, ಒಂದು ಗುಣಾಕಾರ ನಿಮಗೆ ಮೂರು ಅಧ್ಯಾಯ ಕೊಟ್ಟಿತು. ಖರ್ಚು ಬರೆದಿಡಿ ಎಂದದ್ದು ಇದಕ್ಕೇ. ಎರಡು ಬಸ್ಸು ಎತ್ತಿಸಿದರೆ 108 ಡಿಗ್ರಿ, ಮಗು ಉಳಿಯುವುದಿಲ್ಲ. ಶಕ್ತಿಗೆ ಮಿತಿ ಯಾವುದೆಂದು ಓದುಗ ಕೇಳುವ ಮೊದಲೇ ಉತ್ತರ ಸಿಕ್ಕಿತು.

ಚೀಟಿ ಬಂತು. ಹದಿನೈದು ನಿಮಿಷ ಎಂದುಕೊಂಡೆ, ಐದಂತೆ.

ನಾಲ್ಕನೆಯದು ಕಾಗದಪತ್ರ. ನಿಜವಾದ ಖಳನಾಯಕ ಇದೇ. ಊರಿಂದೂರಿಗೆ ಹಾರುವ ಮಗುವಿಗೆ ಟಿಸಿ ಬೇಡವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೇ ತರಗತಿಯವರೆಗೆ ವಯಸ್ಸಿನ ದಾಖಲೆ ಇಲ್ಲವೆಂದೋ ಟಿಸಿ ತಡವಾಯಿತೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಅಲ್ಲಿಯವರೆಗೆ ಮಗು ಕಾನೂನಿನ ಮಡಿಲಲ್ಲೇ ಅಡಗಬಹುದು. ಒಂಬತ್ತರಿಂದ ಬಿಗಿ. ಆಧಾರ್ ನೋಡಿ: ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು, ಕಣ್ಣುಪಾಪೆ ತೆಗೆಯುವುದಿಲ್ಲ. ಐದಕ್ಕೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ತೆಗೆಯಬೇಕು. ಹತ್ತು ಬೆರಳು, ಎರಡು ಕಣ್ಣು. ಬೆರಳಲ್ಲಿ ಗೆರೆಗಳೇ ಇಲ್ಲದಿದ್ದರೆ? ಹದಿನೈದಕ್ಕೆ ಆಧಾರ್, ಹದಿನೈದಕ್ಕೆ ಎಸ್ಸೆಸ್ಸೆಲ್ಸಿ, ಹದಿನೈದಕ್ಕೆ ಶಕ್ತಿ. ಮೂರೂ ಒಂದೇ ವರ್ಷ ಗಂಟು ಬೀಳುತ್ತವೆ. ಈ ಗಂಟು ನಿಮ್ಮ ಮೊದಲ ಸಂಪುಟದ ಕೊನೆ.

ನಾನು ನಿರಾಶ್ರಿತ ಎಂದು ಕೈಮುಗಿದು ನಿಲ್ಲಬಹುದಲ್ಲ ಎನ್ನುತ್ತೀರಿ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಹಾಗೆಂದು ಜಾಗ ಕೊಟ್ಟಿಲ್ಲವೆಂದಲ್ಲ. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರಿದ್ದಾರೆ, ನೋಂದಣಿ ಪತ್ರ ನವೀಕರಿಸುತ್ತಾ. ಅಲ್ಲಿನ ಮೂರನೇ ತಲೆಮಾರಿನವರ ಬದುಕು ತಿಳಿದುಕೊಂಡು ಬರೆದವರ ಅನ್ಯಗ್ರಹಜೀವಿ ಬೇರೆಯೇ ತೂಕದ್ದಾಗಿರುತ್ತದೆ. ವಿವರಿಸಲು ಹೊತ್ತಿಲ್ಲ.

ಶತ್ರುಗಳು, ಒಂದೇ ಮಾತು. ಟ್ರಾಪಿಸ್ಟ್-1 ಎಂಬ ನಕ್ಷತ್ರಕ್ಕೆ ಏಳು ಗ್ರಹಗಳು, ದೂರ ಸುಮಾರು 40 ಜ್ಯೋತಿರ್ವರ್ಷ. ಮಗುವಿನ ತವರು ಅಲ್ಲೇ ಎನ್ನಿ. ಮಗು ಇಲ್ಲಿ ಇಳಿಯಿತೆಂಬ ಸುದ್ದಿ ಅಲ್ಲಿಗೆ ಮುಟ್ಟುವುದೇ 40 ವರ್ಷಕ್ಕೆ. ಅಟ್ಟಿಸಿಕೊಂಡು ಬರುವವರು ಹಿಂದೆಯೇ ಹೊರಟಿರಬೇಕು, ಅಥವಾ ಮೊದಲೇ ಇಲ್ಲಿರಬೇಕು. ಯಾವುದೆಂದು ಮೊದಲ ಪುಟ ಬರೆಯುವ ಮುಂಚೆ ತೀರ್ಮಾನಿಸಿ.

ಐದನೆಯದು ಭಾಷೆ. ಕೋಲಾರ ಕಡೆ ಕನ್ನಡ, ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಒಂದೇ ವಾಕ್ಯದಲ್ಲಿ ಮೂರೂ. ಅಲ್ಲಿ ಉಚ್ಚಾರ ಎಡವಿದರೆ ಪಕ್ಕದೂರಿನವನಿರಬೇಕು ಎಂದುಕೊಳ್ಳುತ್ತಾರೆ, ಪಕ್ಕದ ನಕ್ಷತ್ರದವನೆಂದಲ್ಲ. ಇಡಬೇಕೆಂದರೆ ಮಗುವನ್ನು ಅಲ್ಲಿನ ಸಂತೆಯಲ್ಲಿಡಿ.

ಊಟದ ನಂತರದ ಕೆಲಸ: ಒಂದು ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಮಗು ದಿನವಿಡೀ ಮಾಡುವ ಹನ್ನೆರಡು ಕೆಲಸ, ಬಲಕ್ಕೆ ಅದರ ಖರ್ಚು ಯಾರ ಕಣ್ಣಿಗೆ ಬೀಳುತ್ತದೆಂಬುದು: ಅಂಗಡಿಯವ, ಮೇಷ್ಟ್ರು, ಲೈನ್‌ಮನ್, ನರ್ಸು. ಬಲಗಡೆ ಖಾಲಿ ಬಿಟ್ಟವರ ಹಾಳೆಯನ್ನು ಮೊದಲು ಓದೋಣ. ಗಣಿಯವರು ನಾಲ್ವರೂ ಮುಂದಿನ ಸಾಲಿಗೆ ಬನ್ನಿ.